ಅಂಗಳದ ಅಂಚಿನಲ್ಲಿ ಈಡು: ಕಾಡುಹಂದಿ ಬೇಟೆಯ ಆದೇಶ ನಮ್ಮ ಮನೆಗಳಿಗೆ ತಲುಪಿದೆಯೇ?

ಕಾಸರಗೋಡಿನ ಗಡಿಗ್ರಾಮಗಳಲ್ಲಿ ಸಂಜೆ ಏಳರ ಬಳಿಕ ಗುಡ್ಡೆಯ ಕಡೆಯಿಂದ ಈಡಿನ ಸದ್ದು ಕೇಳಿಬಂದರೆ ಈಗ ಯಾರೂ ಅಷ್ಟಾಗಿ ಬೆಚ್ಚಿಬೀಳುವುದಿಲ್ಲ. "ಹಂದಿಗಾಗಿರಬೇಕು" ಎಂದು ಹಿರಿಯರು ಹೇಳುತ್ತಾರೆ. ಜಗಲಿಯಲ್ಲಿ ಕುಳಿತು ಮನೆಗೆಲಸ ಬರೆಯುತ್ತಿರುವ ಮಗು ಒಮ್ಮೆ ತಲೆಯೆತ್ತಿ ನೋಡಿ ಮತ್ತೆ ಪುಸ್ತಕಕ್ಕೆ ಬಗ್ಗುತ್ತದೆ. ಈ ಅಭ್ಯಾಸವೇ ಇಂದು ವಿಚಾರಕ್ಕೆ ಯೋಗ್ಯವಾದ ಸಂಗತಿಯೆಂದು ನನಗೆ ತೋರುತ್ತದೆ. ಈಡು ಹೊಡೆದವರು ಯಾರು, ಯಾರ ಅಪ್ಪಣೆಯಿಂದ ಹೊಡೆದರು, ಎಷ್ಟು ದೂರದಲ್ಲಿ ನಿಂತು ಯಾವ ದಿಕ್ಕಿಗೆ ಹೊಡೆದರು, ಆ ಹೊತ್ತಿಗೆ ಆ ಹಾದಿಯಲ್ಲಿ ಟ್ಯೂಷನ್ ಮುಗಿಸಿ ಬರುವ ಮಕ್ಕಳಿದ್ದರೇ ಎಂಬ ಪ್ರಶ್ನೆಗಳಿಗೆ ಪಕ್ಕದ ಮನೆಯವರಲ್ಲಿಯೂ ಉತ್ತರವಿರುವುದಿಲ್ಲ. ಇತ್ತ ಕೃಷಿಕನಿಗೆ ಇದು ಬದುಕಿನ ಪ್ರಶ್ನೆ. ಎರಡನ್ನೂ ಒಟ್ಟಿಗೆ ನೋಡದೆ ಈ ಸಮಸ್ಯೆಯ ತಳ ಕಾಣುವುದಿಲ್ಲ.

ಮೊದಲು ಕಾನೂನಿನ ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 9ನೇ ಕಲಮು ಬೇಟೆಯನ್ನು ನಿಷೇಧಿಸುತ್ತದೆ. 11ನೇ ಕಲಮು ಕೆಲವು ವಿನಾಯಿತಿಗಳನ್ನು ಕೊಡುತ್ತದೆ. 2022ರ ತಿದ್ದುಪಡಿಯ ಬಳಿಕ ಕಾಡುಹಂದಿ ಎರಡನೇ ಅನುಸೂಚಿಯಲ್ಲಿದೆ. ಮನುಷ್ಯರ ಜೀವಕ್ಕಾಗಲಿ, ನಿಂತ ಬೆಳೆಯೂ ಸೇರಿದಂತೆ ಆಸ್ತಿಗಾಗಲಿ ಅಪಾಯಕಾರಿಯಾಗಿದೆಯೆಂದು ಮನವರಿಕೆಯಾದರೆ ಈ ಅನುಸೂಚಿಯ ಪ್ರಾಣಿಯನ್ನು ಕೊಲ್ಲಲು ಮುಖ್ಯ ವನ್ಯಜೀವಿ ಪಾಲಕರು ಅಥವಾ ಅವರು ಅಧಿಕಾರ ಕೊಟ್ಟವರು ಕಾರಣ ಬರೆದು ಲಿಖಿತ ಅಪ್ಪಣೆ ಕೊಡಬಹುದು. ಕೇರಳ ಸರಕಾರ 2022ರ ಮೇ ತಿಂಗಳಲ್ಲಿ ಈ ಅಧಿಕಾರವನ್ನು ಸ್ಥಳೀಯಾಡಳಿತಕ್ಕೆ ಇಳಿಸಿತು. ಪಂಚಾಯತು ಅಧ್ಯಕ್ಷರು, ನಗರಸಭೆಯ ಅಧ್ಯಕ್ಷರು, ಮೇಯರರು ಗೌರವ ವನ್ಯಜೀವಿ ಪಾಲಕರಾದರು. ಕಾರ್ಯದರ್ಶಿಗಳು ಅಧಿಕೃತ ಅಧಿಕಾರಿಗಳಾದರು. ಪರವಾನಗಿಯುಳ್ಳ ಕೋವಿಯವರಿಂದ ಮಾತ್ರ ಬೇಟೆಯಾಗಬೇಕು, ವಿಷ, ಸ್ಫೋಟಕ, ವಿದ್ಯುತ್ತು ಇವುಗಳನ್ನು ಬಳಸಕೂಡದು, ಮನುಷ್ಯರಿಗೂ ಸಾಕುಪ್ರಾಣಿಗಳಿಗೂ ಇತರ ವನ್ಯಜೀವಿಗಳಿಗೂ ಹಾನಿಯಾಗದಂತೆ ನೋಡಿಕೊಳ್ಳಬೇಕು, ಕಳೇಬರವನ್ನು ವೈಜ್ಞಾನಿಕವಾಗಿ ವಿಲೇವಾರಿ ಮಾಡಿ ಅದರ ಲೆಕ್ಕವನ್ನು ದಾಖಲೆಯಲ್ಲಿಡಬೇಕು ಎಂಬುದು ಷರತ್ತು. ಅರಣ್ಯದ ಒಳಗೆ ಈ ಅಧಿಕಾರ ನಡೆಯದು.

ಅಂದರೆ, ನಾವು ಓಟು ಹಾಕಿ ಆರಿಸಿದ, ಮದುವೆಮನೆಯಲ್ಲಿ ಪಂಕ್ತಿಯಲ್ಲಿ ಜೊತೆಗೆ ಕುಳಿತು ಉಣ್ಣುವ ವ್ಯಕ್ತಿಯ ಸಹಿಯಿಂದ ನಮ್ಮ ತೋಟದ ಅಂಚಿನಲ್ಲಿ ಕೋವಿ ಸಿಡಿಯುತ್ತದೆ. ಇದು ಕೆಡುಕೆಂದು ನಾನು ಹೇಳುತ್ತಿಲ್ಲ. ಹಂದಿ ಬಂದ ಮೇಲೆ ದೂರದ ಅರಣ್ಯ ಕಚೇರಿಗೆ ಅರ್ಜಿ ಬರೆದು ವಾರಗಟ್ಟಲೆ ಕಾಯುವುದಕ್ಕಿಂತ ಇದು ಸಾವಿರ ಪಾಲು ಲೇಸು. ಆದರೆ ಅಧಿಕಾರ ಹತ್ತಿರ ಬಂದಾಗ ಹೊಣೆಯೂ ಹತ್ತಿರ ಬರಬೇಕಲ್ಲವೇ? 2025ರ ಡಿಸೆಂಬರಿನ ಚುನಾವಣೆಯ ಬಳಿಕ ಹಲವು ಪಂಚಾಯತುಗಳಲ್ಲಿ ಹೊಸಬರು ಅಧಿಕಾರಕ್ಕೆ ಬಂದಿದ್ದಾರೆ. ರಸ್ತೆ, ಕುಡಿಯುವ ನೀರು, ದಾರಿದೀಪಗಳ ಜೊತೆಗೆ ಕೋವಿಯ ಅಪ್ಪಣೆಯೂ ತಮ್ಮ ಮೇಜಿನ ಮೇಲಿದೆಯೆಂಬುದನ್ನು ಅವರೂ ಅವರನ್ನು ಆರಿಸಿದ ನಾವೂ ನೆನಪಿಟ್ಟುಕೊಳ್ಳಬೇಕಾಗಿದೆ.

ಹಂದಿಯ ಹಾವಳಿ ಎಷ್ಟೆಂಬುದನ್ನು ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಕಾರಡ್ಕ, ದೇಲಂಪಾಡಿಯ ಓದುಗರಿಗೆ ವಿವರಿಸಬೇಕಾಗಿಲ್ಲ. ಒಂದು ರಾತ್ರಿಯಲ್ಲಿ ಮರಗೆಣಸಿನ ಸಾಲು ನೆಲಸಮವಾಗುತ್ತದೆ. ಬಾಳೆಯ ಕಂದು, ಕೆಸು, ಸುವರ್ಣಗಡ್ಡೆ ಉಳಿಯುವುದಿಲ್ಲ. ನೆಟ್ಟು ವರ್ಷವಾಗದ ಅಡಿಕೆ, ತೆಂಗಿನ ಸಸಿಗಳ ಬುಡವನ್ನು ಮೂತಿಯಿಂದ ಬಗೆದು ಹಾಕುತ್ತದೆ. ಗದ್ದೆ ಮಾಡುವ ಕೆಲವೇ ಮನೆಗಳಲ್ಲಿ ತೆನೆ ಹಾಲುಗಟ್ಟುವ ಹೊತ್ತಿಗೆ ಕಾವಲು ಕುಳಿತುಕೊಳ್ಳದೆ ಬೇರೆ ದಾರಿಯಿಲ್ಲ. ಗದ್ದೆ ಬಿಟ್ಟುಬಿಟ್ಟವರಲ್ಲಿ ಹಂದಿಯ ಕಾರಣಕ್ಕೆ ಬಿಟ್ಟವರೂ ಇದ್ದಾರೆ. ಬೆಳಗಿನ ಜಾವ ಹಾಲು ಕೊಡಲು ಹೊರಟ ಬೈಕಿಗೆ ಅಡ್ಡಬಂದು ಸವಾರನ ಕೈಕಾಲು ಮುರಿಯುವುದು ಬೇರೆ. ಬಲಿತ ಗಂಡುಹಂದಿಯ ತೂಕ ನೂರು ಕಿಲೋ ದಾಟಬಹುದು; ಅದು ಓಡುವ ವೇಗದಲ್ಲಿ ಬಡಿದರೆ ಬೈಕು ನಿಲ್ಲುವುದಿಲ್ಲ.

ಆದುದರಿಂದ ಕೊಲ್ಲಬೇಕೇ ಬೇಡವೇ ಎಂಬ ವಾದಕ್ಕೆ ನಾನು ಇಲ್ಲಿ ಇಳಿಯುವುದಿಲ್ಲ. ಬೇಸಾಯ ಮಾಡದವರು ಆ ವಾದವನ್ನು ಸುಲಭವಾಗಿ ಮಾಡಬಲ್ಲರು. ನನ್ನ ಪ್ರಶ್ನೆ ಹೇಗೆ, ಎಲ್ಲಿ, ಯಾವ ಬೆಳಕಿನಲ್ಲಿ ಎಂಬುದು.

ಹಂದಿಗೆ ಕಣ್ಣು ಮಂದ, ಮೂಗು ಮತ್ತು ಕಿವಿ ಬಲು ಚುರುಕು. ಮನುಷ್ಯರ ಓಡಾಟವಿರುವ ಕಡೆಗಳಲ್ಲಿ ಅದು ಹಗಲು ಪೊದೆಯೊಳಗೆ ಮಲಗಿ, ಮುಸ್ಸಂಜೆಯ ಮಬ್ಬಿನಲ್ಲಿ ಹೊರಟು, ನಸುಕಿಗೆ ಮುನ್ನ ಮರಳುವುದನ್ನು ಕಲಿತಿದೆ. ಬೇಟೆಯೂ ಅದೇ ಹೊತ್ತಿಗೆ ಬಂದು ನಿಲ್ಲುತ್ತದೆ. ನಮ್ಮ ಅಕ್ಷಾಂಶದಲ್ಲಿ ಸಂಧ್ಯಾಕಾಲ ಬಹಳ ಚಿಕ್ಕದು. ಸೂರ್ಯ ಮುಳುಗಿ ಇಪ್ಪತ್ತು ಇಪ್ಪತ್ತೈದು ನಿಮಿಷಗಳಲ್ಲಿ ನೆಲದ ಮೇಲಿನ ವಸ್ತುಗಳ ಗುರುತು ಸಿಗದಷ್ಟು ಕತ್ತಲಾಗುತ್ತದೆ. ಅಡಿಕೆ ತೋಟದೊಳಗಂತೂ ಅದಕ್ಕೂ ಮೊದಲೇ ಕತ್ತಲೆ. ಹಗಲಿನ ಬೆಳಕಿಗೆ ಹೊಂದಿಕೊಂಡ ನಮ್ಮ ಕಣ್ಣು ಕತ್ತಲೆಗೆ ಪೂರ್ತಿಯಾಗಿ ಒಗ್ಗಿಕೊಳ್ಳಲು ಅರ್ಧ ಗಂಟೆಯಷ್ಟು ಬೇಕು. ಕಣ್ಣು ಒಗ್ಗುವ ಮುನ್ನವೇ ಬೆಳಕು ಹೋಗಿರುತ್ತದೆ ಎಂಬುದೇ ಇಲ್ಲಿನ ತೊಡಕು. ನಡುವೆ ಒಮ್ಮೆ ಮೊಬೈಲಿನ ಪರದೆ ನೋಡಿದರೆ ಅಷ್ಟರವರೆಗಿನ ಹೊಂದಾಣಿಕೆ ಅಳಿದುಹೋಗಿ ಮತ್ತೆ ಮೊದಲಿನಿಂದ ಆರಂಭವಾಗಬೇಕು. ಮಬ್ಬಿನಲ್ಲಿ ಬಣ್ಣಗಳು ಮಾಯವಾಗುತ್ತವೆ. ಅವುಗಳಲ್ಲಿಯೂ ಮೊದಲು ಕಪ್ಪಾಗುವುದು ಕೆಂಪು. ಕೆಂಪು ಅಂಗಿ ತೊಟ್ಟ ಮನುಷ್ಯ ದೂರದಿಂದ ಚೆನ್ನಾಗಿ ಕಾಣುತ್ತಾನೆಂಬುದು ಹಗಲಿನ ನಿಜ, ಮುಸ್ಸಂಜೆಯ ನಿಜವಲ್ಲ. ಇನ್ನೊಂದು ವಿಚಿತ್ರವೆಂದರೆ ಕಣ್ಣಿನ ನಟ್ಟನಡುವಿನ ಬಿಂದುವಿನಲ್ಲಿ ಮಂದ ಬೆಳಕನ್ನು ಗ್ರಹಿಸುವ ಜೀವಕೋಶಗಳೇ ಇಲ್ಲ. ಕತ್ತಲಲ್ಲಿ ಒಂದು ವಸ್ತುವನ್ನು ನೇರವಾಗಿ ದಿಟ್ಟಿಸಿದಷ್ಟೂ ಅದು ಮಸಕಾಗುತ್ತದೆ. ಕೋವಿಯ ಗುರಿಯಾದರೋ ನೇರವಾಗಿ ದಿಟ್ಟಿಸದೆ ಸಾಧ್ಯವಿಲ್ಲ.

ಟಾರ್ಚು ಇದೆಯಲ್ಲ ಎನ್ನಬಹುದು. ಇಲ್ಲಿಯೇ ಸಾಮಾನ್ಯವಾಗಿ ಯಾರೂ ಗಮನಿಸದ ಒಂದು ಸಂಗತಿಯಿದೆ. ದನ, ನಾಯಿ, ಬೆಕ್ಕು, ನರಿ, ಜಿಂಕೆಗಳ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಹಿಂದಿರುಗಿಸುವ ಕನ್ನಡಿಯಂಥ ಪದರವಿದೆ. ಟಾರ್ಚಿನ ಬೆಳಕು ಬಿದ್ದರೆ ಅವು ಹಸಿರಾಗಿಯೋ ಹಳದಿಯಾಗಿಯೋ ಹೊಳೆಯುತ್ತವೆ. ಹಂದಿಯ ಕಣ್ಣಿನಲ್ಲಿ ಆ ಪದರವಿಲ್ಲ. ಮನುಷ್ಯನ ಕಣ್ಣಿನಲ್ಲಿಯೂ ಇಲ್ಲ. ಟಾರ್ಚು ಬಿಟ್ಟಾಗ ಕಣ್ಣು ಹೊಳೆದರೆ ಅದು ಪಕ್ಕದ ಮನೆಯ ಹಗ್ಗ ಕಳಚಿದ ಕರುವಾಗಿರಬಹುದು, ಗುಡ್ಡೆಯ ನರಿಯಾಗಿರಬಹುದು. ಕಣ್ಣು ಹೊಳೆಯದೆ ಕಪ್ಪಾಗಿ ಬಗ್ಗಿ ಅಲುಗಾಡುವ ಆಕೃತಿ ಕಂಡರೆ ಅದು ಹಂದಿಯಾಗಿರಬಹುದು, ತೋಡಿನ ಕಟ್ಟಕ್ಕೆ ಮಣ್ಣು ಮೆತ್ತುತ್ತಿರುವ ಮನುಷ್ಯನೂ ಆಗಿರಬಹುದು. ಹಂದಿಯನ್ನೂ ಮನುಷ್ಯನನ್ನೂ ಬೇರ್ಪಡಿಸಲು ಟಾರ್ಚಿನ ಹೊಳಪು ನೆರವಿಗೆ ಬರುವುದಿಲ್ಲ. ಆಕೃತಿಯ ಅಂಗಾಂಗ ಸ್ಪಷ್ಟವಾಗುವ ತನಕ ಕಾಯಲೇಬೇಕು. ಪಳಗಿದ ಬೇಟೆಗಾರ ಹಾಗೆ ಕಾಯುತ್ತಾನೆ. ಹಿಂದೆ ನಿಂತು "ಹೊಡಿ, ಹೊಡಿ" ಎನ್ನುವ ಹತ್ತು ಜನರ ಗುಂಪಿನ ನಡುವೆ ಹೊಸ ಪರವಾನಗಿಯವನು ಕಾಯುತ್ತಾನೆಂಬ ಭರವಸೆ ನನಗಿಲ್ಲ.

ಇದು ಕಲ್ಪನೆಯ ಭಯವಲ್ಲ. 2021ರ ನವೆಂಬರ್ ಕೊನೆಯಲ್ಲಿ ವಯನಾಡಿನ ಕಂಬಳಕ್ಕಾಡು ಸಮೀಪದ ಗದ್ದೆಯಲ್ಲಿ ರಾತ್ರಿ ಗುಂಡು ತಗುಲಿ ಒಬ್ಬರು ಪ್ರಾಣ ಕಳೆದುಕೊಂಡರು. ಹಂದಿಯೆಂದು ಭಾವಿಸಿ ಹೊಡೆದದ್ದೆಂಬುದು ತನಿಖೆಯಲ್ಲಿ ಹೊರಬಂತು. ಕೊಡಗಿನಲ್ಲಿ, ಮಲೆನಾಡಿನಲ್ಲಿ ಇಂಥ ಸುದ್ದಿಗಳನ್ನು ನಾವು ಓದುತ್ತಲೇ ಬಂದಿದ್ದೇವೆ. ಪತ್ರಿಕೆಯ ಒಳಪುಟದಲ್ಲಿ ಎರಡು ಇಂಚಿನ ಸುದ್ದಿಯಾಗಿ ಅವು ಮುಗಿಯುತ್ತವೆ.

ಇನ್ನು ನೆಲದ ಮಾತು. ಕಾಸರಗೋಡಿನ ಮನೆಗಳು ಒತ್ತೊತ್ತಾಗಿಲ್ಲ, ಆದರೆ ಎಲ್ಲೆಲ್ಲೂ ಇವೆ. ತಗ್ಗಿನಲ್ಲಿ ತೋಟ, ತೋಟದ ಅಂಚಿನ ಇಳುಕಲಿನಲ್ಲಿ ಮನೆ, ಬೈಲಿನ ಆಚೆ ಬದಿಯ ಇಳುಕಲಿನಲ್ಲಿ ಇನ್ನೊಂದು ಮನೆ, ಮೇಲೆ ಪದವು. ಈ ದಂಡೆಯಲ್ಲಿ ನಿಂತು ಸಮಮಟ್ಟದಲ್ಲಿ ಹೊಡೆದ ಗುಂಡು ಹಂದಿಗೆ ತಾಗದಿದ್ದರೆ ಆ ದಂಡೆಯ ಅಂಗಳದ ದಿಕ್ಕಿಗೆ ಹೋಗುತ್ತದೆ. ದೊಡ್ಡ ಹಂದಿಗೆ ಬಳಸುವ ಒಂಟಿ ಉಂಡೆಯ ತೋಟೆಯ ಗುಂಡು ಗುರಿ ತಪ್ಪಿದರೆ ನೂರಾರು ಮೀಟರು ಸಾಗಿಯೂ ಮನುಷ್ಯನನ್ನು ಕೊಲ್ಲಬಲ್ಲದು. ನಮ್ಮ ಬೈಲುಗಳ ಅಗಲ ಅಷ್ಟಿಲ್ಲ. ಮೇಲಿನ ಪದವಿನಲ್ಲಿ ಮುರಕಲ್ಲಿನ ಪಾದೆ. ಕಲ್ಲಿಗೆ ಬಡಿದ ಗುಂಡು ಎತ್ತ ಚಿಮ್ಮುತ್ತದೆಂದು ಹೊಡೆದವನಿಗೂ ತಿಳಿಯದು. ಹೀಗಾಗಿಯೇ ಅನುಭವಿಗಳು ಎತ್ತರದಲ್ಲಿ ಕುಳಿತು ಕೆಳಮುಖವಾಗಿ, ಹಿಂದೆ ಮಣ್ಣಿನ ದರೆಯಿರುವ ಕಡೆಗೆ ಮಾತ್ರ ಹೊಡೆಯುತ್ತಾರೆ. ತಪ್ಪಿದ ಗುಂಡು ಮಣ್ಣಿನಲ್ಲಿ ಹೂತುಹೋಗುತ್ತದೆ. ದಿಬ್ಬದ ನೆತ್ತಿಯಲ್ಲಿ ಆಕಾಶಕ್ಕೆ ಎದುರಾಗಿ ನಿಂತ ಹಂದಿಯನ್ನು ಎಷ್ಟೇ ಚೆನ್ನಾಗಿ ಕಂಡರೂ ಬಿಟ್ಟುಬಿಡುತ್ತಾರೆ. ತೋಟದ ಯಜಮಾನನಿಗೆ ಆಗ ಸಿಟ್ಟು ಬರುತ್ತದೆ. ಬರಲಿ. ಆ ದಿಬ್ಬದಾಚೆ ಯಾರದೋ ಹಟ್ಟಿಯಿದೆ.

ಗಾಯಗೊಂಡ ಹಂದಿ ಇನ್ನೊಂದು ಸಂಕಟ. ಮಬ್ಬಿನಲ್ಲಿ ಸರಿಯಾದ ಜಾಗಕ್ಕೆ ತಾಗದ ಗುಂಡು ಹಂದಿಯನ್ನು ಕೊಲ್ಲುವುದಿಲ್ಲ. ಅದು ರಕ್ತ ಸುರಿಸುತ್ತ ಪೊದೆಗೆ ನುಗ್ಗುತ್ತದೆ. ಕತ್ತಲಲ್ಲಿ ಹಿಂಬಾಲಿಸುವುದು ಹುಚ್ಚುತನವಾದ್ದರಿಂದ ತಂಡ ಬೆಳಗಿಗೆ ಕಾಯುತ್ತದೆ ಅಥವಾ ಮನೆಗೆ ಹೋಗುತ್ತದೆ. ಮರುದಿನ ಬೆಳಗ್ಗೆ ಆ ಪೊದೆಯ ಪಕ್ಕದ ಕಾಲುದಾರಿಯಲ್ಲಿ ಮೊದಲು ನಡೆಯುವವರು ಯಾರು? ಮದರಸಕ್ಕೆ ಹೊರಟ ಮಕ್ಕಳು, ಮೊದಲ ಬಸ್ಸಿಗೆ ಓಡುವ ಹೈಸ್ಕೂಲು ವಿದ್ಯಾರ್ಥಿಗಳು, ಸೊಸೈಟಿಗೆ ಹಾಲು ಒಯ್ಯುವ ಹೆಂಗಸರು. ಜನವರಿಯಲ್ಲಿ ನಮ್ಮಲ್ಲಿ ಸೂರ್ಯ ಹುಟ್ಟುವುದೇ ಏಳಕ್ಕೆ ಐದು ಹತ್ತು ನಿಮಿಷವಿರುವಾಗ. ಅವರು ಹೊರಡುವುದು ಅದಕ್ಕೂ ಮೊದಲು. ಮುನ್ನಾದಿನ ರಾತ್ರಿ ಒಂದು ಹಂದಿ ಗಾಯಗೊಂಡು ಆ ಕಡೆ ಹೋಗಿದೆಯೆಂದು ಅವರಿಗೆ ಹೇಳಬೇಕಾದವರು ಯಾರೆಂಬುದು ಯಾವ ಮನೆಯವರಿಗೂ ಗೊತ್ತಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ, ಮಕ್ಕಳ ದೃಷ್ಟಿಯಿಂದ ಕೋವಿಗಿಂತ ಭಯಂಕರವಾದದ್ದು ಸದ್ದೇ ಮಾಡದ ತಂತಿ ಎಂಬುದನ್ನು ಒಪ್ಪಬೇಕು. 2025ರ ಜೂನ್ ತಿಂಗಳಲ್ಲಿ ಮಲಪ್ಪುರಂ ಜಿಲ್ಲೆಯ ನಿಲಂಬೂರು ಬಳಿಯ ವಳಿಕ್ಕಡವಿನಲ್ಲಿ, ಹಂದಿಗಾಗಿ ಅಕ್ರಮವಾಗಿ ಎಳೆದಿದ್ದ ವಿದ್ಯುತ್ ತಂತಿ ತಗುಲಿ ಹತ್ತನೇ ತರಗತಿಯ ಬಾಲಕನೊಬ್ಬ ಅಸುನೀಗಿದ. ಗೆಳೆಯರ ಜೊತೆ ಮೀನು ಹಿಡಿಯಲು ಹೋಗಿದ್ದ ಹುಡುಗ. 2022ರ ಮೇಯಲ್ಲಿ ಪಾಲಕ್ಕಾಡಿನ ಮುಟ್ಟಿಕುಳಂಗರದ ಪೊಲೀಸ್ ಶಿಬಿರದ ಹತ್ತಿರ ಇದೇ ಬಗೆಯ ತಂತಿಗೆ ಇಬ್ಬರು ಪೊಲೀಸರು ಬಲಿಯಾಗಿದ್ದರು. 2023ರ ಸೆಪ್ಟೆಂಬರಿನಲ್ಲಿ ಅದೇ ಜಿಲ್ಲೆಯಲ್ಲಿ ಇಬ್ಬರು ಯುವಕರು ಗದ್ದೆಯ ತಂತಿಗೆ ಸಿಕ್ಕಿ ಸತ್ತರು. ಶವಗಳನ್ನು ಅದೇ ಗದ್ದೆಯಲ್ಲಿ ಹೂಳಲಾಗಿತ್ತು. ಕೋವಿ ಹಿಡಿದವನು ಒಂದು ಕ್ಷಣವಾದರೂ ಅನುಮಾನಿಸಬಲ್ಲ, ತಂತಿ ಅನುಮಾನಿಸುವುದಿಲ್ಲ. ಅದಕ್ಕೆ ಮುಸ್ಸಂಜೆಯೂ ಮಟಮಟ ಮಧ್ಯಾಹ್ನವೂ ಒಂದೇ.

ಆದರೆ ಜನ ತಂತಿಯ ಮೊರೆಹೋಗುವುದೇಕೆ? ಕಾನೂನುಬದ್ಧ ದಾರಿ ಬರಹದಲ್ಲಿ ಸುಗಮವಾಗಿದ್ದು ನೆಲದ ಮೇಲೆ ಮುಚ್ಚಿಹೋಗಿರುವುದರಿಂದ. ಅಪ್ಪಣೆ ಕೊಡಲು ಅಧ್ಯಕ್ಷರಿದ್ದಾರೆ, ಹೊಡೆಯಲು ಕೋವಿಯವರಿಲ್ಲ. ಬೆಳೆರಕ್ಷಣೆಯ ಪರವಾನಗಿ ಪಡೆದಿದ್ದ ಹಿರಿಯರು ತೀರಿಕೊಂಡಾಗ ಅನೇಕ ಮನೆಗಳಲ್ಲಿ ಮಕ್ಕಳು ಪರವಾನಗಿ ಮುಂದುವರಿಸಲಿಲ್ಲ. ಕೆಲವರು ಗಲ್ಫಿನಲ್ಲಿದ್ದಾರೆ, ಕೆಲವರು ಮಂಗಳೂರು ಬೆಂಗಳೂರುಗಳಲ್ಲಿ. ಇರುವ ಕೋವಿಗಳೂ ಪ್ರತಿ ಚುನಾವಣೆಯ ಹೊತ್ತಿಗೆ ಪೊಲೀಸ್ ಠಾಣೆಗೆ ಸೇರುತ್ತವೆ. ಲೋಕಸಭೆ, ವಿಧಾನಸಭೆ, ಪಂಚಾಯತು ಎಂದು ಒಂದಾದ ಮೇಲೊಂದು ಬರುವ ಚುನಾವಣೆಗಳ ನಡುವೆ ಹಂದಿಗಳಿಗೆ ಮಾತ್ರ ಮಾದರಿ ನೀತಿಸಂಹಿತೆ ಅನ್ವಯವಾಗುವುದಿಲ್ಲವೆಂಬುದು ನಮ್ಮ ಕೃಷಿಕರ ಕಹಿ ನಗೆಮಾತು. ಗಡಿಯ ಇನ್ನೊಂದು ತೊಡಕೂ ಇದೆ. ದೇಲಂಪಾಡಿಯ ತೋಟದ ಆಚೆಗೆ ಸುಳ್ಯ ತಾಲೂಕು; ಅಲ್ಲಿ ಒಳ್ಳೆಯ ಗುರಿಕಾರರಿದ್ದಾರೆ, ನಂಟರೇ ಆಗಿರುತ್ತಾರೆ. ಆದರೆ ಪರವಾನಗಿಯಲ್ಲಿ ನಮೂದಾದ ವ್ಯಾಪ್ತಿಯನ್ನು ಮೀರಿ ಕೋವಿ ಹಿಡಿದು ಬರುವಂತಿಲ್ಲ. ನಮ್ಮ ಅಧ್ಯಕ್ಷರ ಅಧಿಕಾರವೂ ಪಂಚಾಯತಿನ ಗಡಿಗಲ್ಲಿಗೆ ಮುಗಿಯುತ್ತದೆ. ಇಲ್ಲಿ ಗುಂಡು ತಿಂದ ಹಂದಿ ತೋಡು ದಾಟಿ ಕರ್ನಾಟಕಕ್ಕೆ ಹೋದರೆ ಅದು ಇನ್ನೊಂದು ರಾಜ್ಯದ ವನ್ಯಜೀವಿ.

ಇನ್ನು ಭಾಷೆಯ ವಿಚಾರ. ಕನ್ನಡ ಮಾಧ್ಯಮ ಶಾಲೆಗಳ ಕುಟುಂಬಗಳಿಗೆ ಇದು ಬೇಟೆಯ ಲೇಖನದಲ್ಲಿ ಬಂದ ಅನಗತ್ಯ ಮಾತೆಂದು ಅನ್ನಿಸಲಾರದು. ಬೇಟೆಯ ಆದೇಶ ಮಲಯಾಳದಲ್ಲಿರುತ್ತದೆ. ಎಚ್ಚರಿಕೆಯ ಸೂಚನೆ ಬಂದರೆ ಅದೂ ಮಲಯಾಳದಲ್ಲಿ, ಪಂಚಾಯತಿನ ಸೂಚನಾಫಲಕದಲ್ಲಿಯೋ ವಾರ್ಡಿನ ವಾಟ್ಸಾಪ್ ಗುಂಪಿನಲ್ಲಿಯೋ. ಮನೆಯಲ್ಲಿ ತುಳುವನ್ನೋ ಹವ್ಯಕ ಕನ್ನಡವನ್ನೋ ಕರಾಡವನ್ನೋ ಮರಾಟಿಯನ್ನೋ ಆಡುತ್ತ, ಓದುವುದು ಕನ್ನಡ ಮಾತ್ರ ಬಲ್ಲ ಅಜ್ಜಿಗೆ ಆ ಸಂದೇಶ ಅಕ್ಷರಗಳ ಚಿತ್ರ ಮಾತ್ರ. ಶಾಲೆಯಲ್ಲಿ ಮಲಯಾಳ ಕಲಿತ ಮೊಮ್ಮಗ ಓದಿ ಹೇಳಬಹುದು. ಆದರೆ ಆ ಸಂಜೆ ಆಟದ ಬಯಲಿನಿಂದ ಮರಳಬೇಕಾದವನು ಅವನೇ. ಮಗ್ಗದಂತೆ ಆ ಕಡೆಯಿಂದ ಈ ಕಡೆಗೆ ಮಾತು ಹಾಯಿಸುವ ಕೆಲಸವನ್ನು ನಾವು ಮಕ್ಕಳ ಹೆಗಲಿಗೆ ಹಾಕಿ ಬಹಳ ಕಾಲವಾಯಿತು. ಜೀವಕ್ಕೆ ಸಂಬಂಧಿಸಿದ ಸೂಚನೆಯಲ್ಲಾದರೂ ಅದು ತಪ್ಪಬೇಕು.

ಇದು ಉಪಕಾರ ಬೇಡುವ ಮಾತಲ್ಲ. ಕೇರಳದ 1969ರ ಅಧಿಕೃತ ಭಾಷೆಗಳ ಕಾಯ್ದೆ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ಸರಕಾರದೊಡನೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ನಡೆಸುವ, ಘೋಷಿತ ಭಾಷಾ ಅಲ್ಪಸಂಖ್ಯಾತ ಪ್ರದೇಶಗಳಲ್ಲಿ ಸ್ಥಳೀಯ ಸರಕಾರಿ ಕಚೇರಿಗಳೊಡನೆಯೂ ಹಾಗೆಯೇ ವ್ಯವಹರಿಸುವ, ಅದೇ ಭಾಷೆಯಲ್ಲಿ ಉತ್ತರ ಪಡೆಯುವ ಅವಕಾಶವನ್ನು ಕೊಟ್ಟಿದೆ. ಸಂವಿಧಾನದ 350ನೇ ವಿಧಿ ಯಾವುದೇ ವ್ಯಕ್ತಿ ತನ್ನ ಅಹವಾಲನ್ನು ಒಕ್ಕೂಟದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಭಾಷೆಯಲ್ಲಿ ಸಲ್ಲಿಸಬಹುದೆನ್ನುತ್ತದೆ. ಭಾಷೆಯ ಹಕ್ಕಿನ ಬಗ್ಗೆ ನಾವು ಸಭೆ ಸೇರುವುದು ಶಾಲೆಯ ಅಧ್ಯಾಪಕರ ನೇಮಕಾತಿಗೆ, ಪಠ್ಯಪುಸ್ತಕಕ್ಕೆ, ಪಿಎಸ್‌ಸಿ ಪ್ರಶ್ನೆಪತ್ರಿಕೆಗೆ, ಅವೆಲ್ಲವೂ ಬೇಕಾದದ್ದೇ. ಆದರೆ "ಇಂದು ಸಂಜೆ 6ರಿಂದ ಇಂಥ ಗುಡ್ಡೆಯ ಪಡುಬದಿಯಲ್ಲಿ ಕಾಡುಹಂದಿ ಬೇಟೆ, ಆ ದಾರಿಯಲ್ಲಿ ನಡೆಯಬೇಡಿ, ದನಗಳನ್ನು ಹಟ್ಟಿಯಲ್ಲಿ ಕಟ್ಟಿ" ಎಂಬ ಎರಡು ಸಾಲಿನ ಕನ್ನಡವನ್ನು ನಾವು ಕೇಳಿಲ್ಲ. ಕೇಳಿದರೆ ಕೊಡಲಾಗದಂಥ ಖರ್ಚಿನ ಕೆಲಸವೂ ಅಲ್ಲ. ಮಲಯಾಳಿ ನೆರೆಯವರಿಗೂ ಇದೇ ಅಪಾಯವಿದೆ. ಅವರ ಭಾಷೆಯಲ್ಲಿಯೂ ಸೂಚನೆ ಅನೇಕ ಬಾರಿ ಬೇಟೆಯ ಬಳಿಕವೇ ತಲುಪುತ್ತದೆಂಬುದನ್ನು ಹೇಳದಿದ್ದರೆ ನ್ಯಾಯವಾಗದು.

ಗಡಿಯ ಬೇರೆ ಕಡೆಗಳಲ್ಲಿ ಬೇರೆ ಪದ್ಧತಿಗಳಿವೆ. ತಮಿಳುನಾಡು 2025ರ ಜನವರಿಯಲ್ಲಿ ಕಾಡುಹಂದಿಯ ವಿಚಾರದಲ್ಲಿ ಮೂರು ವಲಯಗಳನ್ನು ಗೊತ್ತುಮಾಡಿತು: ಮೀಸಲು ಅರಣ್ಯದ ಅಂಚಿನಿಂದ 1 ಕಿಲೋಮೀಟರಿನ ಒಳಗೆ ಗುಂಡು ಹಾರಿಸುವಂತಿಲ್ಲ, 1ರಿಂದ 3 ಕಿಲೋಮೀಟರಿನೊಳಗೆ ಹಿಡಿದು ಕಾಡಿಗೆ ಬಿಡಬೇಕು, 3 ಕಿಲೋಮೀಟರಿನ ಆಚೆ ಮಾತ್ರ ಅರಣ್ಯ ಇಲಾಖೆಯ ತರಬೇತಿ ಹೊಂದಿದ ಸಿಬ್ಬಂದಿ ಗುಂಡಿಕ್ಕಬಹುದು. ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶದ ಮಗ್ಗುಲಿನ ತಾಳವಾಡಿಯಲ್ಲಿ ಕಾಡಿನಿಂದ 3 ಕಿಲೋಮೀಟರು ದೂರದ ಹೊಲ ಎಷ್ಟು ಜನರಿಗಿದೆಯೆಂದು ಅಲ್ಲಿನ ಕನ್ನಡಿಗ ರೈತರನ್ನೇ ಕೇಳಬೇಕು. ಅಲ್ಲಿ ಕೋವಿ ತರಬೇತಾದವರ ಕೈಯಲ್ಲಿದೆ, ಆದರೆ ರೈತನಿಂದ ದೂರವಿದೆ. ಇಲ್ಲಿ ರೈತನಿಗೆ ಹತ್ತಿರವಿದೆ, ತರಬೇತಿಯ ಖಾತರಿಯಿಲ್ಲ.

ಕಾಡುಹಂದಿಯನ್ನು ಕ್ಷುದ್ರಜೀವಿಯೆಂದು ಘೋಷಿಸಬೇಕೆಂಬ ಕೇರಳದ ಬೇಡಿಕೆಗೆ ಕೇಂದ್ರ ಒಪ್ಪಿಲ್ಲ. ಕಾಯ್ದೆಯ 62ನೇ ಕಲಮಿನಂತೆ ಬಿಹಾರಕ್ಕೂ ಉತ್ತರಾಖಂಡಕ್ಕೂ 2015–16ರಲ್ಲಿ ಕೆಲವು ಜಿಲ್ಲೆಗಳ ಮಟ್ಟಿಗೆ, ಗೊತ್ತಾದ ಅವಧಿಗೆ ಅಂಥ ಘೋಷಣೆ ದೊರೆತಿತ್ತು. 2025ರ ಅಕ್ಟೋಬರಿನಲ್ಲಿ ಕೇರಳ ವಿಧಾನಸಭೆ ಆ ಅಧಿಕಾರವನ್ನು ರಾಜ್ಯಕ್ಕೆ ತಂದುಕೊಳ್ಳುವ ತಿದ್ದುಪಡಿ ಮಸೂದೆಯನ್ನು ಅಂಗೀಕರಿಸಿತು. ವನ್ಯಜೀವಿ ವಿಷಯ ಸಮವರ್ತಿ ಪಟ್ಟಿಯಲ್ಲಿರುವುದರಿಂದ ಕೇಂದ್ರದ ಕಾಯ್ದೆಗೆ ಭಿನ್ನವಾದ ಈ ಮಸೂದೆಗೆ ರಾಷ್ಟ್ರಪತಿಯವರ ಅಂಕಿತ ಬೇಕು. ರಾಜಕೀಯವಾಗಿ ಇದು ದೊಡ್ಡ ಸುದ್ದಿ. ನಮ್ಮ ಅಂಗಳದ ಮಟ್ಟಿಗೆ ಅದರ ಪರಿಣಾಮ ಇನ್ನೊಂದು ಬಗೆಯದು: ಕ್ಷುದ್ರಜೀವಿಯೆಂದು ಘೋಷಣೆಯಾದ ಪ್ರಾಣಿಗೆ ಆ ಅವಧಿಯಲ್ಲಿ ಬೇಟೆ ನಿಷೇಧದ ರಕ್ಷಣೆಯಿರುವುದಿಲ್ಲ. ಈಗಿರುವ ಒಂದು ಸಹಿ, ಒಂದು ದಾಖಲೆ, ಒಬ್ಬ ಹೊಣೆಗಾರ ಎಂಬ ತೆಳುವಾದ ಬೇಲಿಯೂ ಆಗ ಸಡಿಲವಾಗಬಹುದು. ಬೇಟೆ ಸುಲಭವಾದಷ್ಟೂ ಬೇಟೆಯ ನಿಯಮ ಬಿಗಿಯಾಗಬೇಕು ಎಂಬುದನ್ನು ಆ ಚರ್ಚೆಯಲ್ಲಿ ಹೇಳಿದವರು ಕಡಿಮೆ.

ಅಲ್ಲದೆ ಗುಂಡಿನಿಂದಲೇ ಹಂದಿ ಕಡಿಮೆಯಾಗುತ್ತದೆಯೇ? ಹೆಣ್ಣುಹಂದಿ ನಾಲ್ಕು ತಿಂಗಳಿಗೂ ಕಡಿಮೆ ಕಾಲ ಗರ್ಭ ಧರಿಸಿ ಒಂದು ಸೂಲಿಗೆ ನಾಲ್ಕಾರು ಮರಿ ಹಾಕುತ್ತದೆ. ವರ್ಷದೊಳಗೆ ಆ ಮರಿಗಳೇ ಮರಿ ಹಾಕುವ ವಯಸ್ಸಿಗೆ ಬರಬಹುದು. ಅಲ್ಲೊಂದು ಇಲ್ಲೊಂದು ಹೊಡೆದರೆ ಸಂಖ್ಯೆ ತಗ್ಗುವುದಿಲ್ಲ, ಹಿಂಡು ಚದರಿ ಪಕ್ಕದ ವಾರ್ಡಿಗೆ ಹೋಗುತ್ತದೆ. ಹಂದಿ ಹಗಲು ಮಲಗುವುದೆಲ್ಲಿ ಎಂಬುದನ್ನು ನೋಡಬೇಕು. ಗೇರು ನೆಡುತೋಪುಗಳ ಬುಡದಲ್ಲಿ ಬೆಳೆದ ಪೊದೆ, ಯಜಮಾನರು ಊರಲ್ಲಿಲ್ಲದ ಜಾಗಗಳ ಕಾಡು, ಹಡಿಲು ಬಿದ್ದ ಗದ್ದೆ, ರಸ್ತೆಯಂಚಿಗೆ ಎಸೆದ ಕೋಳಿ ಅಂಗಡಿಯ ತ್ಯಾಜ್ಯ: ಇವೆಲ್ಲ ನಾವೇ ಅದಕ್ಕೆ ಕಟ್ಟಿಕೊಟ್ಟ ಮನೆ, ಬಡಿಸಿದ ಊಟ. ಕಾಸರಗೋಡಿನ ಗೇರುತೋಟಗಳ ಹೆಸರು ಕೇಳಿದರೆ ಎಂಡೋಸಲ್ಫಾನ್ ನೆನಪಾಗುವ ನಾಡು ನಮ್ಮದು. ಆ ತೋಟಗಳ ಅಂಚಿನ ಮನೆಗಳೇ ಈಗ ಹಂದಿಯ ಹಾದಿಯಲ್ಲಿಯೂ ಇವೆ. ಪೊದೆ ಸವರುವ ಕೆಲಸಕ್ಕೆ ಚಪ್ಪಾಳೆ ಬೀಳುವುದಿಲ್ಲ, ಫೋಟೋ ಬರುವುದಿಲ್ಲ. ಹೊಡೆದ ಹಂದಿಯ ಪಕ್ಕ ಕೋವಿ ಹಿಡಿದು ನಿಂತ ಫೋಟೋ ಒಂದೇ ಗಂಟೆಯಲ್ಲಿ ಊರೆಲ್ಲ ಸುತ್ತುತ್ತದೆ.

ಆ ಫೋಟೋಗಳಲ್ಲಿ ಹಿಂದಿನ ಸಾಲಿನಲ್ಲಿ ಮಕ್ಕಳ ಮುಖಗಳನ್ನು ಕಂಡದ್ದೇ ಈ ಲೇಖನಕ್ಕೆ ನನ್ನನ್ನು ತಳ್ಳಿದ ಕಾರಣಗಳಲ್ಲೊಂದು. ಬೇಟೆಯ ತಂಡ ನಾಯಿಗಳ ಸಮೇತ ಬಂದರೆ ಹುಡುಗರಿಗೆ ಅದು ಜಾತ್ರೆ. ಮೊಬೈಲು ಹಿಡಿದು ಹಿಂಬಾಲಿಸುತ್ತಾರೆ. ಮರುದಿನ ತೋಟೆಯ ಖಾಲಿ ಕೊಳವೆಗಳನ್ನು ಹೆಕ್ಕಿ ಶಾಲೆಯ ಚೀಲದಲ್ಲಿ ತರುತ್ತಾರೆ. ಅವುಗಳ ನಡುವೆ ಸಿಡಿಯದೆ ಉಳಿದ ಒಂದು ತೋಟೆಯೂ ಇರಬಹುದೆಂದು ಅವರಿಗೆ ಹೇಳಿಕೊಟ್ಟವರಿಲ್ಲ. ಹುಡುಗರನ್ನು ಬೈದು ಪ್ರಯೋಜನವಿಲ್ಲ. ಬೇಟೆಯ ಜಾಗಕ್ಕೆ ಅಪ್ಪಣೆಯಿಲ್ಲದವರು ಬರಕೂಡದೆಂದು ತಡೆಯಬೇಕಾದದ್ದು ಅಪ್ಪಣೆ ಕೊಟ್ಟವರ ಕೆಲಸ. ಸಂಜೆ ಆರರ ಬಳಿಕ ಹುಡುಗರು ಎಲ್ಲಿದ್ದಾರೆಂದು ನೋಡಬೇಕಾದದ್ದು ಮನೆಯವರ ಕೆಲಸ.

ರಕ್ಷಕ ಶಿಕ್ಷಕ ಸಂಘದ ಸಭೆಗಳಲ್ಲಿ ಬಸ್ಸಿನ ಸಮಯ, ಮಧ್ಯಾಹ್ನದ ಊಟ, ಕೊಠಡಿಯ ಸೋರಿಕೆಗಳ ಜೊತೆಗೆ ಈ ವಿಷಯವೂ ಬರಬೇಕು. ವಾರ್ಡಿನ ಗ್ರಾಮಸಭೆಯಲ್ಲಿ ಕೇಳಬೇಕಾದದ್ದು ಬಹಳವಿಲ್ಲ. ನಮ್ಮ ಪಂಚಾಯತಿನ ಕೋವಿಯವರ ಪಟ್ಟಿಯಲ್ಲಿ ಎಷ್ಟು ಜನರಿದ್ದಾರೆ, ಅವರಿಗೆ ರಾತ್ರಿಯ ಗುರಿಯ ತರಬೇತಿ ಆಗಿದೆಯೇ? ಬೇಟೆಯ ದಿನ ಹತ್ತಿರದ ಮನೆಗಳಿಗೂ ಶಾಲೆಗೂ ಹಗಲು ಹೊತ್ತಿನಲ್ಲಿಯೇ ಕನ್ನಡದಲ್ಲಿಯೂ ಮಲಯಾಳದಲ್ಲಿಯೂ ಸುದ್ದಿ ತಲುಪಿಸುವವರು ಯಾರು? ಗಾಯಗೊಂಡ ಹಂದಿ ತಪ್ಪಿಸಿಕೊಂಡರೆ ಬೆಳಗ್ಗೆ ಆರಕ್ಕೆ ಮೊದಲು ಆ ದಾರಿಯಲ್ಲಿ ನಿಲ್ಲುವವರು ಯಾರು? ಜನಜಾಗ್ರತಾ ಸಮಿತಿ ಎಂಬುದೊಂದು ಕಾಗದದಲ್ಲಿದೆ. ಅದರಲ್ಲಿ ಒಬ್ಬ ಅಧ್ಯಾಪಕರೋ ಒಬ್ಬ ತಾಯಿಯೋ ಇದ್ದರೆ ಕೊನೆಯ ಎರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕೀತು.

ಹತವಾದ ಹಂದಿಗಳ ದಾಖಲೆ ಪಂಚಾಯತು ಕಚೇರಿಯಲ್ಲಿರಬೇಕು. ಯಾವ ದಿನ, ಯಾವ ಜಾಗ, ಯಾರ ಕೋವಿ, ಎಲ್ಲಿ ಹೂಳಿದ್ದು ಎಂಬುದು ಅದರಲ್ಲಿ ಕಾಣಬೇಕು. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅದನ್ನು ನೋಡಲು ಯಾವ ನಾಗರಿಕನಾದರೂ ಅರ್ಜಿ ಹಾಕಬಹುದು, ಕಾರಣ ಹೇಳಬೇಕಾಗಿಲ್ಲ. ಈ ವರ್ಷದ ಹಾಳೆಗಳಲ್ಲಿ ನಮ್ಮ ವಾರ್ಡಿನ ಹೆಸರು ಎಷ್ಟು ಸಲ ಬಂದಿದೆ, ನಾವು ಜಗಲಿಯಲ್ಲಿ ಕುಳಿತು ಕೇಳಿದ ಈಡುಗಳು ಎಷ್ಟು ಎಂದು ಒಮ್ಮೆ ತಾಳೆ ನೋಡಬಹುದು.